ಎಣ್ಣೆ ಮೈಗೆ ಕೆರೆಯಿಲ್ಲ

ಈಜಿನಲ್ಲಿ ನನ್ನನ್ನು ಮೀರಿಸುವವರು ಬಳ್ಳಾರಿ ಸೀಮೆಯಲ್ಲೇ ಇಲ್ಲ. ತುಂಗಭದ್ರೆಯ ಮೊಸಳೆಗಳೂ ನನ್ನ ಬಳಿ ಕಲಿಯಲು ಬರುತ್ತಿದ್ದವು. ಇಂದು ಬಚ್ಚಲಿನಿಂದ ಸೀಗೆಕಾಯಿಯ ವಾಸನೆ ಬಂದಾಗ ಕುರುಗೋಡಿನ ಕುಡಿಯುವ ನೀರಿನ ಕೆರೆ ನೆನಪಾಯಿತು. ಹುಡುಗನಾಗಿದ್ದಾಗ ಒಂದು ದಿನ, ಆಚೆ ದಡ ಮುಟ್ಟುತ್ತೇನೆಂದು ಗೆಳೆಯ ಹುಸೇನನೊಡನೆ ಪಂದ್ಯ ಕಟ್ಟಿ, ಎಣ್ಣೆ ಹಚ್ಚಿದ ಮೈಯಲ್ಲೇ ಇಳಿಯುತ್ತಿದ್ದೆ. ನೀರಿಗೆ ಬಂದ ಅಜ್ಜಿ ಕೊಡ ಇಳಿಸಿ ನನ್ನ ಜುಟ್ಟು ಹಿಡಿದಳು.

“ಎಣ್ಣಿ ಮೈಲೆ ಕೆರಿಗೆ ಇಳಿತೀಯೇನಲೇ? ಬಾಣಂತಿ ಅಕ್ಕ ಇದೇ ನೀರು ಕುಡೀಬೇಕು!”

“ಬಿಡಬ್ಯಾಡ್ರಿ ಅಜ್ಜಿ, ಇವ ಹೆಂಗೂ ಮುಳುಗಾವ,” ಎಂದು ಹುಸೇನ ನಕ್ಕ.

ಅಜ್ಜಿ ಮನೆಗೆ ಎಳೆದೊಯ್ದು, ಹಿತ್ತಲ ಹೀರೆಬಳ್ಳಿಯ ಬುಡದಲ್ಲಿ ಕೂರಿಸಿ ಮೈ ತಿಕ್ಕಿದಳು. ಜಿಡ್ಡಿನ ನೀರು ಬಳ್ಳಿಗೆ ಹೋಯಿತು. ಸಂಜೆ ಅಕ್ಕ ತಿಳಿನೀರು ಕುಡಿದಳು, ಪಂದ್ಯ ಹುಸೇನನದಾಯಿತು.

ಆ ಪಂದ್ಯಕ್ಕೆ ಹತ್ತು ರೂಪಾಯಿ ಹೋಯಿತೆಂದು ಇವತ್ತೂ ಸೊಸೆಗೆ ಹೇಳಿದೆ. ನಿಮ್ಮಲ್ಲೇ ಇರಲಿ, ಹೋದದ್ದು ಒಂದು ಕಾಸು.