ಮಾತಿಲ್ಲದ ಕ್ಯಾಸೆಟ್ಟಿನ ಕೊನೆ

ಹೋದ ವಾರ ಸಕ್ಕರೆ ಪರೀಕ್ಷೆಗೆಂದು ರಕ್ತ ಕೊಡಲು ಹೋಗಿದ್ದೆ. ನರ್ಸ್ ಹತ್ತಿಗೆ ಸ್ಪಿರಿಟ್ ಹಚ್ಚಿ ಮೊಣಕೈಯ ಒಳಭಾಗ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೂಜಿ ಚುಚ್ಚಿದ್ದೂ ನನಗೆ ತಿಳಿಯಲಿಲ್ಲ. ಬೇರೆಯವರಿಗೆ ಸ್ಪಿರಿಟ್ ವಾಸನೆಯಿಂದ ದವಾಖಾನೆ ನೆನಪಾಗುತ್ತದೆ, ನನಗೆ ಟೇಪ್ ರೆಕಾರ್ಡರ್. ಅದರ ಮುಚ್ಚಳ ತೆರೆದು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಕೂಸಿನ ಕಿವಿ ಒರೆಸುವಷ್ಟು ನಾಜೂಕಾಗಿ ಒಳಗೆ ರೀಲು ತಾಕುವ ಹೆಡ್ ಒರೆಸುತ್ತಿದ್ದ ನಮ್ಮ ಪಕ್ಕದ ಮನೆಯ ಮೌಶಿ…

ಮೌಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಗುಲಬರ್ಗಾದ ಐವಾನ್-ಎ-ಶಾಹಿಯ ನಮ್ಮ ಓಣಿಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಆಕೆ ಮೌಶಿಯೇ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಮದುವೆ ಮಾಡಿಕೊಂಡಿರಲಿಲ್ಲ. ತಾಯಿಯ ಜೊತೆ ಇದ್ದಳು. ಆ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಮೌಶಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ. ನಾನು ಕಾಲೇಜಿಗೆ ಸೇರಿದ ಹೊತ್ತಿಗೆ ಹತ್ತಿರದ ಕಮಲಾಪುರಕ್ಕೆ ವರ್ಗವಾಗಿತ್ತು. ಬೆಳಿಗ್ಗೆ ಡಬ್ಬಿ ಹಿಡಿದು ಬಸ್ಸು ಹತ್ತಿದರೆ ತಿರುಗಿ ಬರುವುದು ಸಂಜೆಗೇ.

ಬಂದವಳು ಕೈಕಾಲು ತೊಳೆದು ಚಹಾ ಇಟ್ಟು ಟೇಪ್ ಹಚ್ಚುತ್ತಿದ್ದಳು. ಆಗ ಶುರುವಾಗುತ್ತಿದ್ದದ್ದು ಭಾವಗೀತೆಯಲ್ಲ, ಸಿನಿಮಾ ಹಾಡೂ ಅಲ್ಲ. ಧಂ ಧಂ ಧಂ ಎಂದು ಒಂದೇ ಸಮನೆ ಹೊಡೆಯುವ ತಾಳ, ಅದರ ಮೇಲೆ ಎಲ್ಲಿಂದಲೋ ತೇಲಿ ಬರುವ ದನಿಗಳು. ಈಗ ಅದಕ್ಕೆ ಟೆಕ್ನೊ, ಟ್ರಾನ್ಸ್ ಎಂದು ಹತ್ತು ಹೆಸರು ಹೇಳುತ್ತಾರೆ. ತೊಂಬತ್ತರ ದಶಕದ ಗುಲಬರ್ಗಾದಲ್ಲಿ ನಮಗೆ ಒಂದೂ ಗೊತ್ತಿರಲಿಲ್ಲ. ಮುಂಬೈಯಲ್ಲಿ ಓದುತ್ತಿದ್ದ ಆಕೆಯ ಅಣ್ಣನ ಮಗ ರಜೆಗೆ ಬರುವಾಗ ಹಾಸ್ಟೆಲಿನವರ ಕ್ಯಾಸೆಟ್ಟು ತರುತ್ತಿದ್ದ. ಮೌಶಿ ಅವನ್ನು ಕಾಪಿ ಮಾಡಿಕೊಂಡು ಮೇಲೆ ‘ಮಾತಿಲ್ಲದ್ದು’ ಎಂದು ಬರೆದಿಡುತ್ತಿದ್ದಳು.

ಇದೇನು ಹುಚ್ಚು ಎಂದು ನಾನು ಒಮ್ಮೆ ಕೇಳಿದ್ದೆ.

“ನಾ ಇಡೀ ದಿನ ಮಂದಿ ಮಾತ ಜೋಡಿಸ್ತೀನಿ. ಹಲೋ, ಯಾರು, ಎಲ್ಲಿಂದ, ಜರಾ ಜೋರಲೇ ಮಾತಾಡ್ರಿ… ಸಂಜಿಕೆ ಮನಿಗೆ ಬಂದ್ರ ಮತ್ತ ಯಾರೋ ಪ್ರೀತಿ ಪ್ರೇಮ ಅಂತ ಅಳಲಿಕ್ಕೆ ಶುರು ಮಾಡ್ತಾರ. ಇದರಾಗ ಯಾರೂ ಮಾತಾಡಂಗಿಲ್ಲ ನೋಡು. ತಮ್ಮ ಪಾಡಿಗೆ ತಾವು ಕೆಲಸಾ ಮಾಡ್ತಾರ.”

ಆಯಿಯವರದು ಮತ್ತೂ ಸ್ವಾರಸ್ಯ. ಮಡಿಯಲ್ಲಿರುವಾಗ ಸಿನಿಮಾ ಹಾಡು ಕಿವಿಗೆ ಬಿದ್ದರೆ ಸಿಡಿಮಿಡಿಗೊಳ್ಳುವ ಹೆಂಗಸು, ಈ ಕ್ಯಾಸೆಟ್ಟಿಗೆ ಮಾತ್ರ ಚಕಾರ ಎತ್ತುತ್ತಿರಲಿಲ್ಲ. “ಮಾತೇ ಇಲ್ಲಂದಮ್ಯಾಲ ಮೈಲಿಗಿ ಎಲ್ಲಿಂದ ಆಗ್ತದ? ಗಿರಣಿ ಸಪ್ಪಳಕ್ಕ ಯಾರದರ ಮಡಿ ಕೆಡ್ತದೇನು?” ಎನ್ನುತ್ತಿದ್ದರು. ಹೀಗಾಗಿ ನಮ್ಮ ಊರಿನಲ್ಲಿ ದೇವರ ಪೂಜೆಯ ಹೊತ್ತಿಗೆ ಟೆಕ್ನೊ ಕೇಳಿಸುತ್ತಿದ್ದ ಮನೆ ಅದೊಂದೇ ಇದ್ದೀತು.

ಮೊದಮೊದಲು ನಾನು ನಗಲು ಹೋಗುತ್ತಿದ್ದೆ, ಆಮೇಲೆ ಕೇಳಲು ಹೋಗತೊಡಗಿದೆ. ನನ್ನ ಜೊತೆ ಕಾಲೇಜಿನ ಗೆಳತಿಯೊಬ್ಬಳು ಸೇರಿಕೊಂಡಳು. ಕಮಲಾಪುರದವಳು, ಅವಳ ಅಪ್ಪ ಮದುವೆ ಮುಂಜಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮೂವರೂ ಹೆಣ್ಣುಮಕ್ಕಳು ಒಗ್ಗರಣಿ ಮಂಡಾಳ ತಿನ್ನುತ್ತ, ಈ ದನಿ ಯಾವುದರಿಂದ ಬರುತ್ತದೆ, ಇದನ್ನು ಮಾಡುವವರು ಊಟಕ್ಕೆ ಏನು ತಿನ್ನುತ್ತಾರೆ, ಅವರ ತಾಯಿ ಏನೂ ಅನ್ನುವುದಿಲ್ಲವೇ ಎಂದೆಲ್ಲ ಚರ್ಚೆ ಮಾಡುತ್ತಿದ್ದೆವು.

ಆ ಕ್ಯಾಸೆಟ್ಟುಗಳಲ್ಲಿ ಒಂದು ನಮ್ಮ ಮೂವರಿಗೂ ಪ್ರಾಣ. ಅದರ ಕೊನೆಯ ತುಣುಕು ಇನ್ನೂ ಪ್ರಾಣ. ಎಲ್ಲ ದನಿಗಳೂ ಸೇರಿ ಇನ್ನೇನು ಮುಗಿಲು ಮುಟ್ಟಬೇಕು ಅನ್ನುವಷ್ಟರಲ್ಲಿ ಸಂಗೀತ ತಟ್ಟನೆ ತೂಕಡಿಸುತ್ತಿತ್ತು. ತಾಳ ನಿಧಾನ, ದನಿ ದಪ್ಪ, ಇಡೀ ಹಾಡು ಬಾವಿಯೊಳಗೆ ಇಳಿಯುತ್ತ ಇಳಿಯುತ್ತ ಕಡೆಗೆ ನಿಂತೇಬಿಡುತ್ತಿತ್ತು. ಆಮೇಲೆ ಮೌನ. “ಹ್ಯಾಂಗ ಮುಗಿಸ್ಯಾನ ನೋಡು ಅಂವ! ಇಷ್ಟು ಮ್ಯಾಲೆ ಹತ್ತಿಸಿ ಹಿಂಗ ಇಳಸೋ ಧೈರ್ಯಾ ಬೇಕು,” ಎಂದು ಮೌಶಿ ಪ್ರತಿ ಸಲ ಹೇಳುತ್ತಿದ್ದಳು. ನಾವು ಗಂಭೀರವಾಗಿ ತಲೆಯಾಡಿಸುತ್ತಿದ್ದೆವು.

ಒಂದು ಬೇಸಿಗೆಯ ಸಂಜೆ ಆಯಿಯವರ ಸರದಿ, ದಾಸರ ಪದದ ಕ್ಯಾಸೆಟ್ಟು ನಡೆದಿತ್ತು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಹೋಗುವ ಮೊದಲು ಮಂಕಾಗುತ್ತದೆ. ಬಲ್ಬು ಕೆಂಪಾಯಿತು, ಫ್ಯಾನು ಸೋತಿತು, ಹಾಡುವವರ ದನಿ ದಪ್ಪಗಾಗಿ ಎಳೆದಾಡಿ ಬಾವಿಗಿಳಿದು ನಿಂತಿತು. “ಪಾಪ, ಅವರಿಗೇನಾತು?” ಎಂದರು ಆಯಿ. ಮೌಶಿ ಮಾತ್ರ ಕೈಯಲ್ಲಿನ ಚಹಾ ಹಾಗೇ ಹಿಡಿದು ಎದ್ದು ನಿಂತಳು.

“ಏ… ಇದು ಅದೇ! ನಮ್ಮ ಹಾಡಿನ ಕೊನಿ ಇದೇ ಅಲ್ಲೇನು?”

ಆಮೇಲೆ ಪತ್ತೇದಾರಿ ನಡೆಯಿತು. ಮೌಶಿಯದು ಒಂದು ಪದ್ಧತಿ ಇತ್ತು. ಕಾಪಿ ಮಾಡುವಾಗ ಹಾಡುವ ಟೇಪನ್ನು ಕರೆಂಟಿಗೆ ಹಾಕಿ, ಹಿಡಿದುಕೊಳ್ಳುವ ಟೇಪನ್ನು ಹೊಸ ಸೆಲ್ಲುಗಳ ಮೇಲೆ ನಡೆಸಬೇಕು. ಎರಡೂ ಕರೆಂಟಿನ ಮೇಲಿದ್ದರೆ ಗುಂಯ್ ಅನ್ನುವ ದನಿ ಸೇರುತ್ತದೆಂದು ಆಕೆಯ ವಾದ. ಆ ಕ್ಯಾಸೆಟ್ಟು ಕಾಪಿಯಾದ ದಿನ ಆಕೆ ಡ್ಯೂಟಿಯ ಮೇಲಿದ್ದಳು. ಅಣ್ಣನ ಮಗ ಎರಡೂ ಟೇಪು ಜೋಡಿಸಿ ಬಜಾರಿಗೆ ಹೋಗಿದ್ದ. ಮಧ್ಯದಲ್ಲಿ ಕರೆಂಟು ಹೋಗಿದೆ, ಹಾಡುವ ಟೇಪು ಮಲಗಿದೆ, ಸೆಲ್ಲಿನ ಮೇಲಿದ್ದದ್ದು ಆ ಮಲಗುವುದನ್ನೂ ಆಮೇಲಿನ ಮೌನವನ್ನೂ ನಿಷ್ಠೆಯಿಂದ ಹಿಡಿದುಕೊಂಡಿದೆ. ಅವನು ಬಂದು ನೋಡಿದಾಗ ಎರಡೂ ನಿಂತಿದ್ದವು. ಮುಗಿಯಿತೆಂದುಕೊಂಡು ಮೂಲ ಕ್ಯಾಸೆಟ್ಟು ಚೀಲಕ್ಕೆ ಹಾಕಿಕೊಂಡು ರೈಲು ಹಿಡಿದಿದ್ದ.

ಅಂದರೆ ನಾವು ಎರಡು ವರ್ಷ ತಲೆದೂಗಿದ್ದು ಹೋಗುವ ಕರೆಂಟಿಗೆ! ನಾನೂ ಗೆಳತಿಯೂ ಹೊಟ್ಟೆ ಹಿಡಿದು ನಕ್ಕೆವು. ಮೌಶಿಯೂ ನಕ್ಕಳು. ಆದರೆ ನಗು ಮುಗಿದ ಮೇಲೆ ಕೇಳಿದಳು, “ಹಂಗಾದ್ರ ಖರೇ ಹ್ಯಾಂಗ ಮುಗೀತದ ಅದು?”

ಅಲ್ಲಿಂದ ಆ ಪ್ರಶ್ನೆ ಆಕೆಯನ್ನು ಬಿಡಲಿಲ್ಲ. ಮುಂಬೈಗೆ ಫೋನು ಮಾಡಿದರೆ, ಆ ಕ್ಯಾಸೆಟ್ಟು ಯಾರದೋ ರೂಮ್‌ಮೇಟಿನದು, ಅವನು ಓದು ಮುಗಿಸಿ ಹೋದ, ಮೇಲೆ ಹೆಸರೂ ಇರಲಿಲ್ಲ ಎಂದ ಅಣ್ಣನ ಮಗ. ನಾವು ನಮ್ಮ ನಮ್ಮ ಕೊನೆ ಕಟ್ಟಿದೆವು. ಗೆಳತಿಯ ಪ್ರಕಾರ ಎಲ್ಲ ದನಿಗಳೂ ದಿಬ್ಬಣದ ಹಾಗೆ ಮತ್ತೆ ಗದ್ದಲವೆಬ್ಬಿಸಿ ಮುಗಿಯುತ್ತವೆ. ನನ್ನ ಪ್ರಕಾರ ಮೆಲ್ಲಗೆ ಕರಗುತ್ತವೆ. ಮೌಶಿಯದು ಮಾತ್ರ ಒಂದೇ ಉತ್ತರ: “ನನಗ ಗೊತ್ತಿಲ್ಲ. ಗೊತ್ತಿಲ್ಲಂತನೇ ಕೇಳಬೇಕು.”

ಅದೇ ಸುಮಾರಿಗೆ ಆಕೆ ಟೇಪಿನ ಹೆಡ್ ಒರೆಸುವುದು ಜಾಸ್ತಿಯಾಯಿತು. ರವಿವಾರಕ್ಕೊಮ್ಮೆ ಇದ್ದದ್ದು ದಿನ ಬಿಟ್ಟು ದಿನ, ಆಮೇಲೆ ದಿನವೂ. ಮನೆಯೆಲ್ಲ ಸ್ಪಿರಿಟ್ ವಾಸನೆ. “ಹೆಡ್ ಹೊಲಸಾಗೇದ. ಹಾಡಿನ್ಯಾಗಿನ ಆ ಸಣ್ಣ ಗೆಜ್ಜಿ ಸಪ್ಪಳ ಬರ್ಲಿಕ್ಕೇ ತಯಾರಿಲ್ಲ,” ಎನ್ನುತ್ತಿದ್ದಳು. ಹೆಡ್ ಮಾಸಿದರೆ ಮೊದಲು ಸಣ್ಣ ದನಿಗಳೇ ಮಂಕಾಗುವುದು ನಿಜ, ಆದ್ದರಿಂದ ನಾನೂ ನಂಬಿದೆ. ಆದರೆ ಒಂದು ಸಂಜೆ ಆಕೆ ಒರೆಸಿ, ಹಾಕಿ, ಮತ್ತೆ ಇಲ್ಲವೆಂದು ತಲೆಯಾಡಿಸಿದಾಗ ನಾನು ಕಿವಿಗೊಟ್ಟು ಕೇಳಿದೆ. ಗೆಜ್ಜೆ ಸಪ್ಪಳ ಸ್ಪಷ್ಟವಾಗಿತ್ತು.

“ಬರಾಕತ್ತದಲ್ರಿ ಮೌಶಿ,” ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ಕಡ್ಡಿಯ ಹತ್ತಿ ಬಿಚ್ಚಿ ಕಿಟಕಿಯಾಚೆ ಎಸೆದಳು. “ನಮ್ಮ ಅಪ್ಪಗೂ ನಲವತ್ತು ದಾಟಿದ ಮ್ಯಾಲೆ ಹಿಂಗೇ ಶುರು ಆಗಿತ್ತು,” ಎಂದಳು. ಸ್ಪಿರಿಟ್ ಬಾಟಲಿಯ ಮುಚ್ಚಳ ತಿರುಗಿಸುತ್ತ, “ಕಿವಿ ಪೂರಾ ಹೋಗೂದರೊಳಗ ಅದರ ಕೊನಿ ಒಂದು ಕೇಳಬೇಕು ನೋಡು,” ಎಂದಳು.

ವರ್ಷಗಳು ಹೋದವು. ನನಗೆ ಕೆಲಸ ಸಿಕ್ಕಿತು, ಮದುವೆಯಾಯಿತು. ಊರು ಬಿಡಲಿಲ್ಲ, ಕುಸನೂರ ರಸ್ತೆಯಲ್ಲಿ ಮನೆ ಮಾಡಿದೆವು. ಮೌಶಿ ಆಪರೇಟರ್ ಕುರ್ಚಿ ಬಿಟ್ಟು ಕಾಗದಪತ್ರದ ಟೇಬಲ್ಲಿಗೆ ಬಂದಳು, ಕಿವಿಗೆ ಮಷೀನು ಬಂತು. ನಾವು ಸಿಕ್ಕಲ್ಲೆಲ್ಲ ಕ್ಯಾಸೆಟ್ಟಿನ ಅಂಗಡಿಗಳಲ್ಲಿ ವಿಚಾರಿಸಿದೆವು. ಹಾಡಿಗೆ ಹೆಸರಿಲ್ಲ, ಮಾತಿಲ್ಲ, ಬಾಯಲ್ಲಿ ಧಂ ಧಂ ಎಂದು ಹೇಳಿ ತೋರಿಸಬೇಕು. ಎಷ್ಟು ಅಂಗಡಿಯವರು ನಮ್ಮನ್ನು ಹುಚ್ಚರೆಂದುಕೊಂಡರೋ…

ಕಡೆಗೆ ಸಿಕ್ಕಿದ್ದು ಮುಂಬೈಯ ಆ ಅಣ್ಣನ ಮಗನಿಗೇ. ಯಾವುದೋ ಅಂಗಡಿಯ ಮುಂದೆ ಹೋಗುವಾಗ ಒಳಗೆ ಅದೇ ಹಾಡು ನಡೆದಿತ್ತಂತೆ. ಸಿ.ಡಿ. ಕೊಂಡು ಬರುವವರ ಕೈಯಲ್ಲಿ ಕಳಿಸಿದ. ಸಿ.ಡಿ. ಹಾಕಲು ಮೌಶಿಯ ಮನೆಯಲ್ಲಿ ಮಷೀನಿರಲಿಲ್ಲ. ಗೆಳತಿಯ ಅಪ್ಪ ಮದುವೆಗಳಿಗೆಂದು ಒಂದು ಕೊಂಡಿದ್ದರು. ನಾವು ಮೂವರೂ ರವಿವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆವು. ಮೌಶಿ ಮದುವೆಗೆ ಹೊರಟವಳ ಹಾಗೆ ಇರಕಲ್ ಸೀರೆ ಉಟ್ಟಿದ್ದಳು.

ಮೈಕ್ ಸೆಟ್ಟಿನ ಖೋಲಿಯಲ್ಲಿ ಕಪಾಟಿನಷ್ಟು ಎತ್ತರದ ಸ್ಪೀಕರ್ ಬಾಕ್ಸುಗಳು. ಮೌಶಿಯನ್ನು ಒಂದು ಬಾಕ್ಸಿನ ಪಕ್ಕದಲ್ಲೇ ಕೂಡಿಸಿದೆವು. ಆಕೆ ಅದರ ಮೇಲೆ ಅಂಗೈ ಇಟ್ಟಳು. ಕೊನೆಯ ತುಣುಕು ಹಚ್ಚಿದ ಗೆಳತಿಯ ಅಪ್ಪ ಸ್ವಲ್ಪ ಹೊತ್ತು ಸಹಿಸಿಕೊಂಡು ಕೇಳಿದರು, “ಎಲ್ಲಾ ಛಂದ ಅದ್ರಿ ಅಕ್ಕಾರ, ಆದ್ರ ಹಾಡು ಯಾವಾಗ ಶುರು ಆಗ್ತದ?” ನಗು ಬಂದರೂ ಯಾರೂ ನಗಲಿಲ್ಲ. ನಮ್ಮ ಕ್ಯಾಸೆಟ್ಟು ಮಲಗುತ್ತಿದ್ದ ಜಾಗ ಹತ್ತಿರ ಬರುತ್ತಿತ್ತು.

ಬಂತು. ಹಾಡು ಮಲಗಲಿಲ್ಲ. ಮುಂದಕ್ಕೆ ಹೋಯಿತು! ಮೌಶಿ ಕಣ್ಣರಳಿಸಿದಳು. ಒಂದೊಂದೇ ದನಿ ಕಳಚಿಕೊಂಡು, ಬರೀ ತಾಳ ಉಳಿದು, ಆ ತಾಳವೂ ಫಕ್ಕನೆ ನಿಂತಿತು.

“ಹಿಂಗ! ಒಮ್ಮೆಲೇ ಕೈ ಬಿಟ್ಟಾನ!” ಎಂದು ಮೌಶಿ ತೊಡೆ ತಟ್ಟಿಕೊಂಡಳು. ಆದರೆ ನಾವು ಅಲುಗಲಿಲ್ಲ. ತಾಳ ನಿಂತ ಜಾಗದಿಂದ ಒಂದು ಎಳೆಯಷ್ಟು ಸಣ್ಣ ದನಿ ಹೊರಟು ಮೇಲೇರುತ್ತಿತ್ತು. ಮೌಶಿ ನನ್ನನ್ನು ನೋಡಿದಳು, ಗೆಳತಿಯನ್ನು ನೋಡಿದಳು.

“ಇನ್ನ ಮುಗಿದಿಲ್ಲ, ಹೌದಿಲ್ಲೋ?”

ನಾನು ಹೌದೆಂದು ತಲೆಯಾಡಿಸಿದೆ. ಇಷ್ಟು ವರ್ಷ ಕಾದದ್ದು ಬಂದಿತ್ತು, ಆಕೆಯ ಕಿವಿಗೆ ಬೀಳುತ್ತಿರಲಿಲ್ಲ. ಮೌಶಿ ಮಾತ್ರ ಕುರ್ಚಿ ನನ್ನ ಹತ್ತಿರ ಎಳೆದುಕೊಂಡಳು.

“ಹೇಳು. ಒಂದೇ ದನಿಯೋ, ಎರಡೋ?”

“ಒಂದೇ ಮೌಶಿ,” ಎಂದು ಒದರಿ ಹೇಳಿದೆ.

“ಏರ್ಲಿಕತ್ತದೋ, ಇಳೀಲಿಕತ್ತದೋ?”

“ಏರಾಕತ್ತದ್ರಿ.”

“ಫೋನ್ ಲೈನ್ ಖುಲ್ಲಾ ಇದ್ದು ಆ ಕಡಿಂದ ಯಾರೂ ಮಾತಾಡ್ಲಿಲ್ಲಂದ್ರ ಬರ್ತದಲ್ಲ, ಹಂಗೇನು?”

“ಹಂಗೇ. ಅದಕಿಂತ ಭಾಳ ಸಣ್ಣದು.”

ಅಷ್ಟರಲ್ಲಿ ಗೆಳತಿಯ ಅಪ್ಪ ಮುಗೀತು ಎಂದು ಎದ್ದರು. “ಇನ್ನೂ ನಡದದಪ್ಪಾ,” ಎಂದು ಗೆಳತಿ ಅವರನ್ನು ಕೂಡಿಸಿದಳು. ಸ್ವಲ್ಪ ಹೊತ್ತಿಗೆ ಅವಳೇ ಮುಗೀತು ಎಂದಳು. ನನಗೆ ಇನ್ನೂ ಒಂದಿಷ್ಟು ಕೇಳಿಸುತ್ತಿತ್ತು. ನಾವು ವಾದಕ್ಕಿಳಿದದ್ದು ನೋಡಿ ಮೌಶಿಗೆ ಕುತೂಹಲ ತಡೆಯಲಿಲ್ಲ. ಮತ್ತೆ ಹಚ್ಚಿಸಿದಳು, ಮುಗಿದ ಕೂಡಲೇ ಕೈ ಎತ್ತಬೇಕು ಎಂದು ಪಂತೋಜಿಯ ಹಾಗೆ ಅಪ್ಪಣೆ ಮಾಡಿದಳು. ಮೊದಲು ತಾನೇ ಎತ್ತಿದಳು. ಆಮೇಲೆ ಗೆಳತಿಯ ಅಪ್ಪ, ಆಮೇಲೆ ಗೆಳತಿ, ಕಡೆಗೆ ನಾನು.

ಮೌಶಿ ನಾಲ್ಕೂ ಕೈಗಳನ್ನು ನೋಡಿದಳು. “ಕೊನಿ ಎಲ್ಲಾರಿಗೂ ಬ್ಯಾರೆ ಬ್ಯಾರೆ ಕಡಿ ಅದ ನೋಡು. ನನಗ ಜರಾ ಮೊದಲ ಮುಗೀತು, ಅಷ್ಟೇ,” ಎಂದು ನಕ್ಕಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ನಾನು ಕೈ ಹಿಡಿದುಕೊಂಡೆ. “ನಾಕು ವರ್ಷ ಮೊದಲ ಸಿಕ್ಕಿದ್ರ…” ಎಂದಳು.

ಆಯಿ ಹೋದರು, ಅವರ ಹಿಂದೆ ಕೆಲವು ವರ್ಷಕ್ಕೆ ಮೌಶಿಯೂ ಹೋದಳು. ಈಗ ಗುಲಬರ್ಗಾ ಕಲಬುರಗಿಯಾಗಿದೆ. ಆ ಆಲ್ಬಮ್ಮು ನನ್ನ ಫೋನಿನಲ್ಲಿದೆ. ಅಂತರ್ಜಾಲದಲ್ಲಿ ತೊಂಬತ್ತರ ದಶಕದ ಇಂಥ ಸಂಗೀತದ ಅಭಿಮಾನಿಗಳದೊಂದು ಗುಂಪಿದೆ, ಜಗತ್ತಿನ ಎಲ್ಲೆಲ್ಲಿಯವರೋ ಅಲ್ಲಿ ಯಾವ ಆಲ್ಬಮ್ ದೊಡ್ಡದು ಎಂದು ಹೊಡೆದಾಡುತ್ತಾರೆ. ಮೌಶಿ ಇದ್ದಿದ್ದರೆ ಅವರೆಲ್ಲರ ಜೀವ ತಿನ್ನುತ್ತಿದ್ದಳು.

ರಕ್ತ ಕೊಟ್ಟು ಬಂದ ದಿನ ಸಂಜೆ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅದೇ ಕೊನೆಯ ತುಣುಕು ಹಚ್ಚಿದೆ. ತಾಳ ನಿಂತಿತು, ಆ ಎಳೆ ದನಿ ಹೊರಟಿತು, ಏರಿತು, ಮುಗಿಯಿತು. ಬಂದ್ ಮಾಡಲು ಕೈ ಚಾಚಿದೆ.

“ತಡಿ ಮಮ್ಮಿ, ಇನ್ನೂ ನಡದದ,” ಎಂದಳು ಮಗಳು.

ನನಗೆ ಏನೂ ಕೇಳಿಸುತ್ತಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಅವಳ ಮುಖ ನೋಡುತ್ತ ಕೂತೆ. ಅವಳ ಕಣ್ಣು ಎಲ್ಲೋ ಮೇಲೆ ನೆಟ್ಟಿತ್ತು, ನಾನು ಹೋಗಲಾಗದ ಕಡೆ ಅವಳು ಇನ್ನೂ ಹೋಗುತ್ತಿದ್ದಳು. ನನಗೂ ಜರಾ ಮೊದಲ ಮುಗೀತ್ರಿ ಮೌಶಿ ಎಂದು ಹೇಳಬೇಕೆನ್ನಿಸಿತು. ಹೇಳಿದರೆ ಖುಷಿಪಡುತ್ತಿದ್ದವಳು ಆಕೆಯೊಬ್ಬಳೇ. ಆಕೆ ಇಲ್ಲ.