ಹಗ್ಗದ ನಡುವೆ ನೀಲಿಯ ನಿಬಂಧ

ಆಗ ನಾವು ಮಕ್ಕಳು ಬರೆದದ್ದನ್ನು ಊರೇ ಓದುತ್ತಿತ್ತು. ಬಾಗೇವಾಡಿ ಸೀಮೆಯ ಮಸೂತಿ ಎಂಬ ಹಳ್ಳಿಯ ಕಡೆಯ ನಮ್ಮ ಸಣ್ಣ ಊರಿನಲ್ಲಿ ಓದಬಲ್ಲವರು ಕಡಿಮೆ, ಓದಿಸಿ ಕೇಳುವವರು ಬಹಳ. ಶನಿವಾರ ಮುಂಜಾನೆಯ ಶಾಲೆ ಬಿಡುವ ಹೊತ್ತಿಗೆ ನಮ್ಮ ಸರೋಜಾ ಅಕ್ಕೋರು ಶಾಲೆಗಿದ್ದ ಒಂದೇ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಚಿಮಟಿಗೆಯಿಂದ ನಮ್ಮ ನಿಬಂಧ, ಕಥೆ, ಪದ್ಯಗಳನ್ನು ತೂಗುಹಾಕುತ್ತಿದ್ದರು. ಎಲ್ಲಕ್ಕಿಂತ ಚಲೋ ಬರೆದದ್ದು ನಡುವೆ. ಹೊಲಕ್ಕೆ ಹೊರಟವರು ಬುತ್ತಿಗಂಟು ಕೈಯಲ್ಲಿ ಹಿಡಿದೇ ಒಳಗೆ ಹಣಿಕಿ, “ಈ ವಾರ ನಡುವ ಯಾರದೈತಿ?” ಎಂದು ಕೇಳುತ್ತಿದ್ದರು. ನನ್ನದು ಒಮ್ಮೆ ಬಂದಿತ್ತು. ಅವ್ವ ದೇವರ ಮುಂದೆ ಊದಿನಕಡ್ಡಿ ಹಚ್ಚಿ, ನನ್ನ ಕೈಗೆ ಶೇಂಗಾದ ಉಂಡಿ ಇಟ್ಟಿದ್ದಳು. ಆ ಬೆಲ್ಲದ ಜಿಗುಟು ಇನ್ನೂ ಬೆರಳಿಗೆ ನೆನಪಿದೆ.

ಆ ಕೋಣೆ ಹಳೆಯ ಮಣ್ಣಿನ ಮಾಳಿಗೆಯದು, ಮರದ ಜಂತಿಗಳ ಮೇಲೆ ಮಣ್ಣು ತುಳಿದ ಚಾವಣಿ. ಸಗಣಿ ಸಾರಿಸಿದ ನೆಲ, ಕೂಡಲು ಗೋಣಿತಟ್ಟು. ಹಿಂದಿನ ಮೂಲೆಯಲ್ಲಿ ನನ್ನ ಪಕ್ಕ ನೀಲಿ ಕೂಡುತ್ತಿದ್ದಳು. ಮೇಲಿನ ಜಂತಿಗಳ ಸಂದಿಯಿಂದ ಮಣ್ಣು ಸೋಸಿದ ಹಾಗೆ ಅವಳ ತಲೆಯ ಮೇಲೆ ಬೀಳುತ್ತಿತ್ತು.

“ನೀಲಿ, ನಿನ್ನ ತಲ್ಯಾಗ ಜ್ವಾಳ ಬಿತ್ತಬಹುದು ನೋಡ” ಎಂದು ನಾವು ಕಾಡಿಸುತ್ತಿದ್ದೆವು.

“ಬಿತ್ರಿ. ಬೆಳಿ ಬಂದ್ರ ಅರ್ಧ ನನಗ!”

ಆ ವರ್ಷ ಮಳೆಗಾಲದ ಹೊಸ್ತಿಲಲ್ಲಿ ಅಕ್ಕೋರು ಕೊಟ್ಟ ವಿಷಯ, ಶಾಲೆ ಮಾತಾಡಿದರೆ ಏನು ಹೇಳೀತು. ನಾವೆಲ್ಲ ‘ನಾನು ಜ್ಞಾನದ ಗುಡಿ’ ಎಂದು ಗೀಚಿದೆವು. ನೀಲಿ ಬರೆದದ್ದು ಹೀಗಿತ್ತು: ‘ನನಗೆ ವಯಸ್ಸಾಗಿದೆ. ನನ್ನ ಬೆನ್ನು ಸೀಳಿದೆ. ಮಕ್ಕಳ ತಲೆಯ ಮೇಲೆ ಮಣ್ಣು ಉದುರಿಸಿ ದಿನಾ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಈ ಮಳೆಗೆ ನಾನು ಕುಳಿತುಬಿಡುತ್ತೇನೆ.’

ಅಕ್ಕೋರು ಅದನ್ನು ಎರಡು ಸಲ ಓದಿದರು. ತಲೆ ಎತ್ತಿ ಮೂಲೆಯ ಜಂತಿ ನೋಡಿದರು. ಶನಿವಾರ ಅದನ್ನೇ ಹಗ್ಗದ ನಡುವೆ ತೂಗುಹಾಕಿದರು.

ಚನ್ನಪ್ಪಜ್ಜ ಊರಿನ ಹಿರಿಯ. ಒಳ್ಳೆಯ ಮನುಷ್ಯ, ಆ ಕೋಣೆ ಕಟ್ಟುವಾಗ ತಾನೇ ಕಲ್ಲು ಹೊತ್ತವನು. ಅವನು ಬಂದು ಎಂದಿನಂತೆ ನಡುವಿನದನ್ನು ಓದಿಸಿದ. ಕೇಳುತ್ತ ಕೇಳುತ್ತ ಅವನ ಮುಖ ಕಪ್ಪಿಟ್ಟಿತು.

“ಯಾರ ಬರದಾರಿದು? ಸರಸ್ವತಿ ಇರೂ ಜಾಗಾದಾಗ ಇಂಥಾ ಮಾತಾ?”

ನೀಲಿ ಎದ್ದು ನಿಂತಳು. “ನಾನ್ರಿ ಅಜ್ಜಾ.”

“ಬಿಡ್ತು ಅನ್ನು.”

ನಮ್ಮಲ್ಲಿ ಬಾಯಿಂದ ಕೆಟ್ಟ ನುಡಿ ಬಿದ್ದರೆ ಕೂಡಲೇ ‘ಬಿಡ್ತು’ ಅನ್ನಿಸುತ್ತಾರೆ. ಹಾಗೆ ಅಂದರೆ ಅದು ನಿಜವಾಗುವುದಿಲ್ಲ ಎಂದು ನಂಬಿಕೆ. ನೀಲಿ, “ಮಣ್ಣ ಬೀಳೂದು ಖರೇನ ಐತ್ರಿ” ಎಂದಳು. ಓದಿಸಿ ಕೇಳಲು ಬಂದಿದ್ದ ಅವಳ ಅವ್ವ ಹಿಂದಿನಿಂದ ಬೆನ್ನಿಗೊಂದು ಗುದ್ದಿದಳು. ಆಗ ನೀಲಿ ‘ಬಿಡ್ತು’ ಅಂದಳು.

ಆದರೆ ಬರೆದದ್ದಕ್ಕೆ ಏನು ಮಾಡುವುದು? ಅದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅಜ್ಜ ತಂಬಿಗೆ ನೀರು ತರಿಸಿ, ಹಾಳೆಯನ್ನು ಅದರಲ್ಲಿ ಅದ್ದಿ ಮಸಿಯೆಲ್ಲ ತೊಳೆದು, ಆ ನೀಲಿ ನೀರನ್ನು ಹಣಮಪ್ಪನ ಕಟ್ಟೆಯ ಬೇವಿನ ಬುಡಕ್ಕೆ ಸುರಿಸಿದ. ಕೋಣೆಯ ಬಾಗಿಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದ. ಅಕ್ಕೋರು ಕೈ ಮುಗಿದು ಕೇಳಿಕೊಂಡರು.

“ಅಜ್ಜಾರ, ಒಮ್ಮೆ ಮಾಳಿಗಿ ಹತ್ತಿಸಿ ನೋಡಸ್ರಿ.”

“ಹತ್ತಿ ನೋಡಿದ್ರ ಆ ಮಾತಿಗಿ ನಾವ ಹೂಂ ಅಂದಂಗ ಆಗತೈತಿ, ಅಕ್ಕೋರ. ಬ್ಯಾಡ.”

ಹೀಗೆ ಯಾರೂ ಹತ್ತಲಿಲ್ಲ. ಪ್ರತಿವರ್ಷ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯುತ್ತಿದ್ದರು. ಆ ವರ್ಷ ಅದನ್ನೂ ಬಿಟ್ಟರು.

ಮಳೆ ಹಿಡಿಯಿತು. ಹಸಿ ಮಣ್ಣಿನ ವಾಸನೆ ಪಾಠದ ಹೊತ್ತಿಗೆಲ್ಲ ಮೂಗಿನಲ್ಲೇ ಇರುತ್ತಿತ್ತು. ಗೋಡೆಯೊಳಗೆ ಯಾರೋ ಕಡಲೆ ಜಗಿಯುವ ಸದ್ದು. ಮಗ್ಗಿ ಹೇಳುತ್ತ ಹೇಳುತ್ತ ಒಮ್ಮೆಲೇ ನಿಲ್ಲಿಸಿ ಎಲ್ಲರೂ ಮೇಲೆ ನೋಡುತ್ತಿದ್ದೆವು. ಮಣ್ಣು ಬೀಳುತ್ತಿದೆ ಎಂದು ಮನೆಯಲ್ಲಿ ಹೇಳಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ. ನೀಲಿಯೂ ತಲೆ ಕೊಡವಿಕೊಂಡು ಸುಮ್ಮನೆ ಕೂಡುತ್ತಿದ್ದಳು. ಅಕ್ಕೋರು ನಮ್ಮನ್ನೆಲ್ಲ ಬಾಗಿಲ ಬಳಿಗೆ ಸರಿಸಿ, ಮೂಲೆಗೆ ತಾವೇ ಕುರ್ಚಿ ಹಾಕಿಕೊಂಡರು.

ಒಂದು ಸೋಮವಾರ ಹೋದಾಗ ಕೋಣೆ ಇರಲಿಲ್ಲ. ಭಾನುವಾರದ ಜಡಿಮಳೆಗೆ ಮಾಳಿಗೆ ಹಿಂದಿನ ಗೋಡೆಯನ್ನೂ ಎಳೆದುಕೊಂಡು ಕುಸಿದಿತ್ತು. ಅಕ್ಕೋರ ಕುರ್ಚಿಯ ಒಂದು ಕಾಲು ಮಣ್ಣಿನ ಗುಡ್ಡೆಯಿಂದ ಮೇಲೆ ಚಾಚಿತ್ತು. ನಮ್ಮವ್ವ ಅಲ್ಲೇ ಕೆಸರಿನಲ್ಲಿ ಕುಳಿತು, “ನಮ್ಮಪ್ಪಾ, ಸೂಟಿ ದಿವಸ ಕೆಡವಿದೆಲ್ಲೋ, ನಿನಗ ಶರಣೋ” ಎಂದು ಹಣೆ ನೆಲಕ್ಕೆ ಹಚ್ಚಿದಳು. ನಾನೂ ಹಚ್ಚಿದೆ.

ಎದ್ದು ನೋಡಿದರೆ, ಜನ ಮಣ್ಣಿನ ಗುಡ್ಡೆ ಬಿಟ್ಟು ನೀಲಿಯನ್ನು ನೋಡುತ್ತಿದ್ದರು.

“ಆಕಿನ ಬರದಿದ್ದಳಲ್ಲ” ಎಂದಿತು ಒಂದು ಧ್ವನಿ.

“ಕರಿನಾಲಗಿ. ಹುಡುಗುರ್ನ ಬಾಜೂ ಕುಂಡ್ರಸಬ್ಯಾಡ್ರಿ.”

“ಆಕಿ ಬೀಳಸಲಿಲ್ಲ, ಉಳಸಾಕ ನೋಡಿದ್ಲು!” ಎಂದು ಅಕ್ಕೋರು ಕೂಗಿದರು. ಆ ಗದ್ದಲದಲ್ಲಿ ಕೇಳಿದವರಿಲ್ಲ. ನನ್ನ ಅವ್ವನೂ ನನ್ನ ರಟ್ಟೆ ಹಿಡಿದು ಇತ್ತ ಎಳೆದುಕೊಂಡಳು.

ಅಂದಿನಿಂದ ನೀಲಿ ಶಾಲೆಗೆ ಬರಲಿಲ್ಲ. ಅಕ್ಕೋರು ಅವಳ ಮನೆಗೆ ಹೋದರೆ, ಅವಳ ಅವ್ವ ಬಾಗಿಲಲ್ಲೇ ನಿಂತು, “ಆಕೀಗಿ ಬರಿಯೂದು ಬ್ಯಾಡ್ರಿ. ಮಾತಾಡೂದೂ ಕಡಿಮಿ ಮಾಡಿಸೇವಿ” ಎಂದಳಂತೆ. ಗುಡಿಯ ಪಡಸಾಲೆಯಲ್ಲಿ ಮತ್ತೆ ಹಗ್ಗ ಕಟ್ಟಿದರು. ನಮ್ಮ ಶಾಲೆ ಬಲು ಚಂದ ಎಂದು ಎಲ್ಲರೂ ಬರೆದೆವು. ಶಾಲೆ ಎದುರಿಗೇ ಮಣ್ಣಾಗಿ ಬಿದ್ದಿತ್ತು.

ಈಗ ನನ್ನ ಮಗಳ ಟೀಚರ್ ಮಕ್ಕಳ ಬರಹಗಳನ್ನು ಫೋನಿನ ಗ್ರೂಪಿನಲ್ಲಿ ಹಾಕುತ್ತಾರೆ. ಬಣ್ಣದ ಅಂಚು, ಮುತ್ತಿನಂಥ ಅಕ್ಷರ. ನಾನು ಕೈ ಮುಗಿಯುವ ಚಿತ್ರ ಒತ್ತುತ್ತೇನೆ. ಓದಿದ ಮೇಲೆ ತಲೆ ಎತ್ತಿ ಮೇಲೆ ನೋಡಬೇಕು ಅನ್ನಿಸುವಂಥದ್ದು ಒಂದೂ ಸಿಕ್ಕಿಲ್ಲ.

ಹೋದ ಶ್ರಾವಣದಲ್ಲಿ ಬಾಗೇವಾಡಿಗೆ ಬಸವಣ್ಣನ ದರ್ಶನಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ನೀಲಿ ಸಿಕ್ಕಳು. ಸೆರಗು ಬಾಯಿಗೆ ಅಡ್ಡ. ಅವಳೇನೂ ಹೆಚ್ಚು ಮಾತಾಡಲಿಲ್ಲ, ಜೊತೆಗಿದ್ದ ಅವಳ ಮಗಳೇ ಹೇಳುತ್ತಿದ್ದಳು.

“ನಮ್ಮ ಮನಿ ಅಡಗಿ ಖೋಲಿ ಗ್ವಾಡಿ ಸೀಳೈತ್ರಿ ಅತ್ತಿ. ಅವ್ವಗ ಕಾಣತೈತಿ, ಅಪ್ಪಗ ಹೇಳವಲ್ಲಳು.”

“ಯಾಕ ನೀಲಿ?” ಎಂದೆ.

ನೀಲಿ ಅತ್ತಿತ್ತ ನೋಡಿ ನನ್ನ ಕಿವಿಯ ಹತ್ತಿರ ಬಂದಳು. “ನಾ ಹೇಳಿದ್ರ ಬೀಳತೈತೆವ್ವಾ.”

ಆ ಹುಡುಗಿಯ ಕೈ ಹಿಡಿದು, “ನಿಮ್ಮಪ್ಪಗ ನೀನ ಹೇಳ, ಇವತ್ತ ಹೇಳ” ಎಂದೆ. ಹುಡುಗಿ ಹೂಂ ಎಂದು ತಲೆಯಾಡಿಸಿದಳು. ಅಷ್ಟರಲ್ಲಿ ಅವರ ಬಸ್ಸು ಬಂತು.

ಶಾಲೆ ಭಾನುವಾರ ಬಿದ್ದದ್ದಕ್ಕೆ ನಾನು ಈಗಲೂ ದೇವರ ಮುಂದೆ ದೀಪ ಹಚ್ಚುತ್ತೇನೆ. ಅಂದು ಯಾರಿಗೂ ಏನೂ ಆಗಲಿಲ್ಲ ಎಂಬ ಮಾತು ಮಾತ್ರ ಈಗ ಬಾಯಿಗೆ ಬರುವುದಿಲ್ಲ.