ಬಿರುಕು ಬಿಡದ ಮುಖ

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ಕಣ್ಣಮ್ಮ. ಮರದಲ್ಲಿ ಸಂತರ ಪ್ರತಿಮೆ ಕೆತ್ತುವುದು ಅವಳ ಕೆಲಸ. ಜೇಬಿನಲ್ಲಿ ಇಟ್ಟುಕೊಳ್ಳುವ ಬೆರಳುದ್ದದವು, ಗೋಡೆಯ ಗೂಡಿಗೆ ಇಡುವಂಥವು, ಮೆರವಣಿಗೆಯಲ್ಲಿ ನಾಲ್ವರು ಹೆಗಲ ಮೇಲೆ ಹೊರುವಂಥವು. ದೊಡ್ಡ ಪ್ರತಿಮೆಯಾದರೆ ಮುಖವನ್ನು ಮುಖವಾಡದ ಹಾಗೆ ಕೊಯ್ದು ತೆಗೆದು, ಹಿಂದಿನಿಂದ ಗಾಜಿನ ಕಣ್ಣು ಕೂರಿಸಿ, ಮತ್ತೆ ಅಂಟಿಸುತ್ತಾಳೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಅವಳ ಕೋಣೆಯಲ್ಲಿ ಒಂದು ಡಬ್ಬಿ ತುಂಬ ಕಣ್ಣುಗಳಿವೆ. ಆ ಡಬ್ಬಿಗೆ ಬೆನ್ನು ಹಾಕಿ ಕೂರಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಅವಳಿಗೊಂದು ನಿಯಮ. ಬದುಕಿರುವವರ ಮುಖವನ್ನು ಸಂತರಿಗೆ ಕೊಡಬಾರದು, ಕೊಟ್ಟರೆ ಮರ ತಡೆದುಕೊಳ್ಳದೆ ಬಿರುಕು ಬಿಡುತ್ತದೆ. ನಾವೆಲ್ಲ ಮುಸಿಮುಸಿ ನಗುತ್ತಿದ್ದೆವು. ಆಮೇಲೆ ಬ್ರೆಡ್ಡಿನಂಗಡಿಯವನು ಬಂದು, ಹಾಸಿಗೆ ಹಿಡಿದ ತನ್ನ ತಾಯಿಯ ಮುಖದಲ್ಲೇ ಸಂತ ಅನ್ನಮ್ಮ ಬೇಕೆಂದು ಪಟ್ಟು ಹಿಡಿದ. ಕೆತ್ತಿದ ಮೂರನೇ ದಿನ ಹಣೆಯಿಂದ ಗದ್ದದವರೆಗೆ ಬಿರುಕು. ಎರಡನೆಯದಕ್ಕೂ ಅದೇ ಗತಿ. ಮುದುಕಿ ದಿನಾ ಬೆಳಿಗ್ಗೆ ಮಗನನ್ನು ಓಡಿಸುತ್ತಿದ್ದಳು, "ಬಿರುಕು ಬಿಡ್ತಾ, ಕೇಳ್ಕೊಂಡು ಬಾ." ಬಿಟ್ಟಿದೆ ಅಂದರೆ ನೆಮ್ಮದಿಯಾಗಿ ಹಾಲು ಕುಡಿಯುತ್ತಿದ್ದಳು. ಮೂರನೆಯದು ನಾಲ್ಕನೇ ದಿನವೂ ಗಟ್ಟಿಯಾಗಿಯೇ ಇತ್ತು. ಅವತ್ತು ಕೇಳಲು ಯಾರೂ ಬರಲಿಲ್ಲ.

ಅಲ್ಲಿಗೆ ನಮ್ಮ ನಗು ನಿಂತಿತು.

ಈಗ ದೊಡ್ಡಪ್ಪನ ವಿಷಯ. ಸಂತರ ನಿಲುವಂಗಿ ಹೊಲಿಯುತ್ತಿದ್ದವರು ಅವರೇ. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ನೀಲಿ ದಾರ ಮುಗಿಯಿತು. ಎದುರಿನ ಅಂಗಡಿಗೆ ತಾನೆ ಎಂದು ಬರಿಗಾಲಲ್ಲೇ ಮೆಟ್ಟಿಲಿಳಿದವರು ಮತ್ತೆ ಹತ್ತಲಿಲ್ಲ. ಹುಡುಕಿದವರೆಲ್ಲ ಸುಸ್ತಾದರು. ಬಾಗಿಲ ಬಳಿ ಅವರ ಚಪ್ಪಲಿ ಮಾತ್ರ ಹಾಗೇ ಇತ್ತು. ದೊಡ್ಡಮ್ಮ ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಸವರಿ ಒರೆಸುತ್ತಿದ್ದಳು.

ನಾನೊಮ್ಮೆ ಬಾಯಿ ತಡೆಯಲಾರದೆ ಕೇಳಿಬಿಟ್ಟೆ, ಅವರ ಮುಖ ಕೆತ್ತಿ ನೋಡಬಹುದಲ್ಲ ಎಂದು. ಅವಳು ಉಳಿ ಕೆಳಗಿಟ್ಟಳು.

"ಬಿರುಕು ಬಿಡದೇ ಹೋದ್ರೆ? ನೀನು ಬಂದು ಬಿಡಿಸ್ತೀಯಾ?"

ಮತ್ತೆ ಆ ಮಾತು ಎತ್ತಲಿಲ್ಲ.

ಈ ವರ್ಷ ಚರ್ಚಿನವರು ಮೆರವಣಿಗೆಗೆ ಸಂತ ಜೋಸೆಫರ ಪ್ರತಿಮೆ ಕೇಳಿದರು. ಮುಖ ಮುಗಿಯುವ ಹೊತ್ತಿಗೆ ನಾನು ಹೋಗಿದ್ದೆ. ಎಡಗಿವಿಯ ತುದಿ ಒಳಕ್ಕೆ ಮಡಚಿಕೊಂಡಿತ್ತು, ದೊಡ್ಡಪ್ಪನ ಕಿವಿಯ ಹಾಗೆ. ಆಮೇಲೆ ಮೂಗು ನೋಡಿದೆ, ತುಟಿ ನೋಡಿದೆ. ಮನೆಗೆ ಓಡಿದೆ. ಅಮ್ಮನನ್ನು ಕರೆತಂದೆ. ಅಮ್ಮ ನೋಡಿದವಳೇ ಮಡಚಿದ ಆ ಕಿವಿ ಮುಟ್ಟಿದಳು.

"ಏನಕ್ಕಾ ಇದು?"

"ನಾನು ಕೆತ್ತಿಲ್ಲ ಕಣೇ," ಅಂದಳು ದೊಡ್ಡಮ್ಮ. "ಕೈ ಕೆತ್ತಿದೆ."

ಅವತ್ತಿನಿಂದ ಅವಳು ಬಿರುಕಿಗೆ ಕಾದಳು. ತನ್ನ ಕೆಲಸ ಕೆಡಲಿ ಎಂದು ಬೇಡಿಕೊಂಡದ್ದು ಅದೇ ಮೊದಲು. ಊಟ ಬಿಟ್ಟು, ಆ ಮರದ ಕೆನ್ನೆಗೆ ಕಿವಿ ಹಚ್ಚಿ ಕೂರುತ್ತಿದ್ದಳು. ಇನ್ನೂ ಕಣ್ಣಿಲ್ಲದ ಮುಖ ಅದು. ಕಣ್ಣಿನ ಜಾಗದಲ್ಲಿ ಎರಡು ತೂತು, ಅದರಾಚೆ ಕತ್ತಲು. ಮೂರು ದಿನವಾಯಿತು, ವಾರವಾಯಿತು, ಹದಿನೈದು ದಿನವಾಯಿತು. ಒಂದು ಗೆರೆಯೂ ಮೂಡಲಿಲ್ಲ.

ಹದಿನಾರನೇ ದಿನ ಅವಳು ಮುಖ ತೊಳೆದುಕೊಂಡು ಬಂದು ಕಣ್ಣು ಕೂರಿಸಿದಳು. ಬಾಗಿಲ ಬಳಿಯ ಚಪ್ಪಲಿ ಎತ್ತಿ ಕೆಳಗಿನ ಸೈಕಲ್ ರಿಪೇರಿಯವನಿಗೆ ಕೊಟ್ಟಳು. ಅಳಲಿಲ್ಲ. ನಮಗೆ ಅದಕ್ಕೇ ಹೆಚ್ಚು ಭಯವಾಯಿತು.

ಪ್ರತಿಮೆ ಒಯ್ಯಲು ಬಂದ ಫಾದರ್ ತಲೆ ಕೆರೆದುಕೊಂಡರು. ಹೆಗಲ ಮೇಲೆ ಹೊರುವ ಸಂತರು ಕೆಳಗೆ ಜನರನ್ನು ನೋಡಬೇಕು, ಇವರ ದೃಷ್ಟಿ ಮೇಲಕ್ಕಿದೆಯಲ್ಲ ಎಂದರು.

"ದೇವರನ್ನ ನೋಡ್ತಿದ್ದಾರೆ, ಫಾದರ್," ಅಂದಳು.

ನಿಜ ಏನೆಂದು ಮೆರವಣಿಗೆಯ ದಿನ ಗೊತ್ತಾಯಿತು. ದೊಡ್ಡಮ್ಮ, ಅಮ್ಮ, ನಾನು ಮೂವರೂ ಅವಳ ಕೋಣೆಯ ಕಿಟಕಿಯಲ್ಲಿ ನಿಂತಿದ್ದೆವು. ಪ್ರತಿಮೆ ಬೀದಿಯ ತಿರುವು ದಾಟಿ ತೂಗಾಡುತ್ತ ಬಂತು. ನಮ್ಮ ಕೆಳಗೆ ಬಂದಾಗ ಆ ಕಣ್ಣುಗಳ ನೋಟ ನೇರವಾಗಿ ಕಿಟಕಿಗೆ ತಾಗಿತು. ಅವಳು ಅಳತೆ ಹಿಡಿದದ್ದು ಈ ಕಿಟಕಿಯ ಎತ್ತರಕ್ಕೆ. ದೊಡ್ಡಪ್ಪನಿಂದ ಕೊನೆಗೊಂದು ಸಲ ನೋಡಿಸಿಕೊಂಡು, ಅವರನ್ನು ಕಳಿಸಿಕೊಡೋಣ ಎಂದು. ದೊಡ್ಡಮ್ಮ ಕೂದಲು ಸರಿಮಾಡಿಕೊಂಡಳು.

ಆಗ ಟಪ್ ಎಂದಿತು.

ಹೊತ್ತವರು ಗಕ್ಕನೆ ನಿಂತರು. ಹಾಡು ಅರ್ಧಕ್ಕೇ ನಿಂತಿತು. ಹಣೆಯಿಂದ ಗದ್ದದವರೆಗೆ ಬಿರುಕು. ಅದರ ಎರಡೂ ಬದಿಯಲ್ಲಿ ಕಣ್ಣುಗಳು ಮಾತ್ರ ನಮ್ಮನ್ನೇ ನೋಡುತ್ತಿದ್ದವು.

ಪಕ್ಕಕ್ಕೆ ತಿರುಗಿದರೆ ದೊಡ್ಡಮ್ಮ ಇಲ್ಲ. ದಡದಡ ಮೆಟ್ಟಿಲಿಳಿದು, ಜನರ ನಡುವೆ ನುಗ್ಗಿ, ಪ್ರತಿಮೆಯ ಕಡೆ ತಲೆ ಕೂಡ ಎತ್ತದೆ ಸೀದಾ ಸೈಕಲ್ ರಿಪೇರಿಯವನ ಮುಂದೆ ಹೋಗಿ ನಿಂತಿದ್ದಳು.

"ಚಪ್ಪಲಿ ಬಿಚ್ಚಪ್ಪ."

"ಮೊನ್ನೆ ತಾನೇ ಕೊಟ್ರಲ್ಲಕ್ಕಾ?"

"ಕೊಟ್ಟೆ. ಈಗ ಬಿಚ್ಚು. ಅವ್ರು ಬರಿಗಾಲಲ್ಲಿ ಇದ್ದಾರೆ."